ಡಬ್ಬದ ಒಳಗೊಂದು ಸ್ವಿಚ್: ವರ್ಚುವಲ್ ಮಷಿನ್‌ಗಳಿಗೆ ನೆಟ್ ಕೊಡುವ ಬಗೆ

ಶಿವಮೊಗ್ಗದಲ್ಲಿ ಡಿಪ್ಲೊಮಾ, ಬಿಸಿಎ ಓದುವವರು ಮತ್ತು ಸೊಸೈಟಿ, ಅಡಿಕೆ ಮಂಡಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಸೇರಿದ್ದ ಕಡೆ ಆಡಿದ ಮಾತು ಇದು. ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಬಾಯಲ್ಲೇ ಹೇಳಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ವರ್ಚುವಲ್ ಮಷಿನ್ ಅಂದರೆ ಒಂದು ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರಿನಲ್ಲಿ ಓಡುವ ಇನ್ನೊಂದು ಕಂಪ್ಯೂಟರ್, ಅದು ನಿಮಗೆ ಗೊತ್ತು, ಅಲ್ಲಿಂದ ಶುರು ಮಾಡುವುದಿಲ್ಲ. ನಿಮ್ಮಲ್ಲಿ ಸುಮಾರು ಜನ ಯಾವುದೋ ಆಫೀಸಿನವರು ಮಾರಿದ ಹಳೇ ಡೆಸ್ಕ್‌ಟಾಪ್ ತಂದು, ರ‍್ಯಾಮ್ ಹೆಚ್ಚಿಸಿ, ಅದರ ಮೇಲೆ ಇಂಥ ಮಷಿನ್‌ಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿದ್ದೀರಿ. ಒಳಗಿನ ಮಷಿನ್‌ನಲ್ಲಿ ಉಬುಂಟು ಲಿನಕ್ಸ್ ಎದ್ದಿದೆ. ನೆಟ್ ಮಾತ್ರ ಬರುತ್ತಿಲ್ಲ. ಇಲ್ಲವೇ ಒಳಗಿನ ಮಷಿನ್‌ಗೆ ನೆಟ್ ಕೊಡಲು ಹೋಗಿ ಹೋಸ್ಟೇ, ಅಂದರೆ ಆ ಡೆಸ್ಕ್‌ಟಾಪೇ, ಕೈಗೆ ಸಿಗದ ಹಾಗಾಗಿದೆ. ಆಮೇಲೆ ಏನು ಮಾಡುತ್ತೀರಿ? ಯೂಟ್ಯೂಬ್ ನೋಡಿಕೊಂಡು ಒಂದೊಂದೇ ಬಟನ್ ಒತ್ತುತ್ತಾ ಹೋಗುತ್ತೀರಿ, ಅದೂ ಆಗದಿದ್ದರೆ ಎಲ್ಲ ಅಳಿಸಿ ಮೊದಲಿಂದ ಇನ್‌ಸ್ಟಾಲ್.

ಅಷ್ಟೆಲ್ಲ ಬೇಡ. ಎರಡು ಪ್ರಶ್ನೆ ಸಾಕು. ಈ ವೈರು ಎಲ್ಲಿಗೆ ಚುಚ್ಚಿದೆ? ಐಪಿ ವಿಳಾಸ ಯಾರ ಮೇಲೆ ಕೂತಿದೆ, ಅದನ್ನು ಕೊಟ್ಟವರು ಯಾರು? ಇವೆರಡಕ್ಕೆ ಒಂದು ಹಾಳೆಯಲ್ಲಿ ಚಿತ್ರ ಬರೆದು ಉತ್ತರ ಕೊಡಲು ಬಂದರೆ ಉಳಿದಿದ್ದು ಬರೀ ಬಟನ್ ಹುಡುಕುವ ಕೆಲಸ. ಚಿತ್ರ ಬರೆಯಲು ಬರದಿದ್ದರೆ ಬಟನ್ ಒತ್ತಬೇಡಿ, ಅಷ್ಟೇ.

ಗೊತ್ತಿರುವುದರಿಂದಲೇ ಶುರು ಮಾಡೋಣ. ಲ್ಯಾಬಿನಲ್ಲಿ ವರ್ಚುವಲ್‌ಬಾಕ್ಸ್ ಬಳಸಿದ್ದೀರಲ್ವಾ? ಅದರಲ್ಲಿ ಏನೂ ಮುಟ್ಟದೆ ಒಂದು ಮಷಿನ್ ಎಬ್ಬಿಸಿದರೆ ಅದಕ್ಕೆ 10.0.2.15 ಅಂತ ವಿಳಾಸ ಬರುತ್ತದೆ. ಪಕ್ಕದವರ ಕಂಪ್ಯೂಟರಿನಲ್ಲೂ 10.0.2.15. ನಿಮ್ಮದೇ ಕಂಪ್ಯೂಟರಿನಲ್ಲಿ ಎರಡನೇ ಮಷಿನ್ ಎಬ್ಬಿಸಿ ನೋಡಿ, ಅದಕ್ಕೂ ಅದೇ. ಯಾಕೆಂದರೆ ಒಂದೊಂದು ಮಷಿನ್‌ಗೂ ವರ್ಚುವಲ್‌ಬಾಕ್ಸ್ ಬೇರೆ ಬೇರೆ ಪುಟ್ಟ ನ್ಯಾಟ್ ರೂಟರ್ (ಒಳಗಿನವರನ್ನು ತನ್ನ ವಿಳಾಸದ ಹಿಂದೆ ಇಟ್ಟು ಹೊರಗೆ ಕಳಿಸುವುದು) ಕಟ್ಟಿಕೊಟ್ಟಿರುತ್ತದೆ. ಆ ರೂಟರಿನ ವಿಳಾಸ 10.0.2.2, ಒಳಗಿರುವ ಒಬ್ಬನೇ ಒಬ್ಬನಿಗೆ 10.0.2.15. ಹಾಗಾಗಿ ಎರಡೂ ಮಷಿನ್‌ನಲ್ಲಿ ನೆಟ್ ಓಡುತ್ತದೆ, ಆದರೆ ಒಂದು ಇನ್ನೊಂದನ್ನು ಪಿಂಗ್ ಮಾಡಲು, ಅಂದರೆ ಇದ್ದೀಯಾ ಅಂತ ಕೂಗಿ ಕೇಳಲು, ಬರುವುದಿಲ್ಲ. ಕೇಳದೆಯೇ ಎಲ್ಲ ಸಿಕ್ಕಿಬಿಟ್ಟಿತು ನೋಡಿ, ಅದಕ್ಕೇ ನಾವು ನೆಟ್‌ವರ್ಕ್ ಕಲಿಯಲೇ ಇಲ್ಲ.

ಪ್ರಾಕ್ಸ್‌ಮಾಕ್ಸ್ ಹಾಗಲ್ಲ. ಅದು ಆಸ್ಟ್ರಿಯಾದ ವಿಯೆನ್ನಾದವರು ಮಾಡಿದ್ದು, 2008ರಲ್ಲಿ ಮೊದಲು ಹೊರಬಂತು, ಅಡಿಯಲ್ಲಿರುವುದು ಡೆಬಿಯನ್ ಲಿನಕ್ಸ್. ಮಷಿನ್‌ಗಳನ್ನು ಓಡಿಸುವ ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನ ಒಳಗೇ ಇದೆ. ನೆಟ್‌ವರ್ಕ್ ಕೆಲಸಕ್ಕೂ ಪ್ರಾಕ್ಸ್‌ಮಾಕ್ಸ್ ಹೊಸದೇನೂ ಹುಟ್ಟಿಸಿಲ್ಲ, ಲಿನಕ್ಸ್‌ನಲ್ಲಿ ಮೊದಲೇ ಇದ್ದ ಬ್ರಿಡ್ಜ್ ಅನ್ನೇ ಬಳಸುತ್ತದೆ. ಇನ್‌ಸ್ಟಾಲ್ ಮಾಡಿದ ಕೂಡಲೇ ವಿಎಂಬಿಆರ್0 ಅಂತ ಒಂದು ಬ್ರಿಡ್ಜ್ ತಯಾರಾಗಿರುತ್ತದೆ.

ಬ್ರಿಡ್ಜ್ ಅಂದರೆ ಸಾಫ್ಟ್‌ವೇರಿನಲ್ಲಿ ಮಾಡಿದ ಸ್ವಿಚ್. ನೆಹರೂ ರಸ್ತೆಯ ಅಂಗಡಿಯಲ್ಲಿ ಕೊಳ್ಳುವ ಎಂಟು ಪೋರ್ಟಿನ ಸ್ವಿಚ್ ಮಾಡುವ ಕೆಲಸವನ್ನೇ ಇದು ಡಬ್ಬದ ಒಳಗೆ ಮಾಡುತ್ತದೆ. ಯಾವ ಮ್ಯಾಕ್ ವಿಳಾಸ (ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರುವ ಗುರುತಿನ ನಂಬರ್) ಯಾವ ಪೋರ್ಟಿನ ಕಡೆಯಿಂದ ಬಂತು ಅಂತ ಗುರುತು ಹಾಕಿಕೊಳ್ಳುತ್ತದೆ, ಮುಂದಿನ ಸಲ ಅತ್ತಲೇ ಕಳಿಸುತ್ತದೆ. ಈಗ ಹಾಳೆಯಲ್ಲಿ ಒಂದು ಚೌಕ ಬರೆಯಿರಿ, ಅದು ಸ್ವಿಚ್. ನಿಮ್ಮ ಡೆಸ್ಕ್‌ಟಾಪಿನ ಹಿಂದಿರುವ ನೆಟ್‌ವರ್ಕ್ ಕಾರ್ಡ್ ಆ ಸ್ವಿಚ್‌ನ ಒಂದು ಪೋರ್ಟ್ ಆಗುತ್ತದೆ. ಉಬುಂಟುವಿನಿಂದ ಬಂದ ವೈರು ಇನ್ನೊಂದು ಪೋರ್ಟಿಗೆ, ವಿಂಡೋಸ್‌ನದ್ದು ಮತ್ತೊಂದಕ್ಕೆ. ಹಾಗಾದರೆ ಹೋಸ್ಟ್‌ನ ವೈರು ಎಲ್ಲಿಗೆ?

ಇಲ್ಲೇ ಎಲ್ಲರೂ ಎಡವುವುದು. ಹೋಸ್ಟ್ ಕೂಡ ಅದೇ ಸ್ವಿಚ್‌ಗೇ ಚುಚ್ಚಿಕೊಳ್ಳಬೇಕು. ಅಂದರೆ ಹೋಸ್ಟ್‌ನ ಐಪಿ ಇರಬೇಕಾದದ್ದು ಬ್ರಿಡ್ಜ್ ಮೇಲೆ, ಕಾರ್ಡ್ ಮೇಲೆ ಅಲ್ಲ. ಕಾರ್ಡ್ ಈಗ ಬರೀ ಪೋರ್ಟ್, ಅದಕ್ಕೆ ವಿಳಾಸ ಯಾಕೆ ಬೇಕು? ಹಳೇ ಅಭ್ಯಾಸದಲ್ಲಿ ಕಾರ್ಡಿಗೂ ಒಂದು ಐಪಿ, ಬ್ರಿಡ್ಜ್‌ಗೂ ಒಂದು ಐಪಿ ಕೊಡುತ್ತೀರಿ. ಕಾರ್ಡ್ ಬ್ರಿಡ್ಜ್‌ಗೆ ಸೇರಿದ ಮೇಲೆ ಅದರೊಳಗೆ ಬಂದ ಫ್ರೇಮ್, ಅಂದರೆ ಡೇಟಾದ ಕಂತೆ, ಎಲ್ಲ ನೇರ ಬ್ರಿಡ್ಜ್‌ನ ಕೈಗೆ ಹೋಗುತ್ತದೆ, ಕಾರ್ಡ್ ಮೇಲೆ ಕೂತ ಐಪಿ ಅರ್ಧ ಕೆಲಸ ಮಾಡಿ ಅರ್ಧ ಮಾಡದೆ ನಿಮ್ಮ ತಲೆ ಕೆಡಿಸುತ್ತದೆ.

ಸೆಟ್ಟಿಂಗ್ ಇರುವ ಫೈಲ್ ಒಂದೇ. ಇಟಿಸಿ ಫೋಲ್ಡರ್, ಅದರೊಳಗೆ ನೆಟ್‌ವರ್ಕ್, ಅದರೊಳಗೆ ಇಂಟರ್‌ಫೇಸಸ್. ಅದನ್ನು ತೆರೆದು ಒಮ್ಮೆ ಓದಿ, ಹತ್ತು–ಹನ್ನೆರಡು ಸಾಲು ಇರುತ್ತದೆ. ಕಾರ್ಡಿನ ಹೆಸರಿನ ಮುಂದೆ ಮ್ಯಾನ್ಯುಯಲ್ ಅಂತ ಇರುತ್ತದೆ, ಅಂದರೆ ಇದಕ್ಕೆ ವಿಳಾಸ ಇಲ್ಲ. ವಿಎಂಬಿಆರ್0 ಮುಂದೆ ಸ್ಟ್ಯಾಟಿಕ್ ಅಂತ ಇದ್ದು ಅದರ ಕೆಳಗೆ ವಿಳಾಸ, ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಮನೆಯಲ್ಲಾದರೆ ರೂಟರ್), ಮತ್ತು ಬ್ರಿಡ್ಜ್ ಪೋರ್ಟ್ಸ್ ಅನ್ನುವ ಸಾಲಿನಲ್ಲಿ ಕಾರ್ಡಿನ ಹೆಸರು. ನೋಡಿ, ನೀವು ಹಾಳೆಯಲ್ಲಿ ಬರೆದ ಚಿತ್ರವೇ ಅಲ್ಲಿ ಅಕ್ಷರದಲ್ಲಿದೆ. ಕೆಳಗೆ ಬ್ರಿಡ್ಜ್ ಎಫ್‌ಡಿ 0 ಅಂತ ಇನ್ನೊಂದು ಸಾಲು. ಲಿನಕ್ಸ್ ಬ್ರಿಡ್ಜ್ ಹೊಸ ಪೋರ್ಟ್ ಸೇರಿದಾಗ ಸುಮ್ನೆ ಸ್ವಲ್ಪ ಹೊತ್ತು ಕಾಯುತ್ತದೆ, ಮಾಮೂಲಿ ಲೆಕ್ಕ 15 ಸೆಕೆಂಡು. ಮನೆಯಲ್ಲಿ ಅದರ ಅಗತ್ಯ ಇಲ್ಲ, ಅದಕ್ಕೇ ಸೊನ್ನೆ. ಮುಟ್ಟಬೇಡಿ.

ಒಬ್ಬ ಹುಡುಗ ಕೇಳಿದ, ‘ಸರ್, ನಾವು ವಿಎಂವೇರ್ ಕಲಿತರೆ ಇದೆಲ್ಲ ಬೇರೆ ತಾನೇ?’ ವಿಎಂವೇರೂ ಪ್ರಾಕ್ಸ್‌ಮಾಕ್ಸ್ ಥರದ್ದೇ, ಹೆಸರು ಬೇರೆ, ಚಿತ್ರ ಅದೇ. ಅಲ್ಲಿ ವಿಸ್ವಿಚ್0 ಅನ್ನುತ್ತಾರೆ. ಮೈಕ್ರೋಸಾಫ್ಟ್‌ನ ಹೈಪರ್‌-ವಿನಲ್ಲಿ ಎಕ್ಸ್‌ಟರ್ನಲ್, ಇಂಟರ್ನಲ್, ಪ್ರೈವೇಟ್ ಅಂತ ಮೂರು ಥರದ ಸ್ವಿಚ್. ಎಕ್ಸ್‌ಟರ್ನಲ್‌ಗೆ ಹೊರಗಿನ ಕಾರ್ಡ್ ಚುಚ್ಚಿರುತ್ತದೆ. ಇಂಟರ್ನಲ್‌ಗೆ ಹೋಸ್ಟ್ ಮತ್ತು ಒಳಗಿನ ಮಷಿನ್‌ಗಳು ಮಾತ್ರ. ಪ್ರೈವೇಟ್‌ಗೆ ಹೋಸ್ಟೂ ಇಲ್ಲ, ಒಳಗಿನ ಮಷಿನ್‌ಗಳಷ್ಟೇ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಈ ಮೂರನ್ನೂ ನಾವೇ ಕೈಯಾರೆ ಕಟ್ಟುತ್ತೇವೆ, ಕಲಿಯಲು ಅದೇ ಒಳ್ಳೆಯದು. ಅಂದಹಾಗೆ ವಿಎಂವೇರ್‌ನ ಇಎಸ್‌ಎಕ್ಸ್‌ಐ ಉಚಿತ ಆವೃತ್ತಿಯನ್ನು ಅದರ ಮಾಲೀಕ ಕಂಪನಿ ಬ್ರಾಡ್‌ಕಾಮ್ 2024ರಲ್ಲಿ ನಿಲ್ಲಿಸಿ 2025ರಲ್ಲಿ ಮತ್ತೆ ಬಿಟ್ಟಿತು. ಇಂಥ ಓಲಾಟ ನೋಡಿದ ಮೇಲೆ ಮನೆಯ ಲ್ಯಾಬಿಗೆ ನಾನು ಪ್ರಾಕ್ಸ್‌ಮಾಕ್ಸ್ ಅನ್ನೇ ಹೇಳುತ್ತೇನೆ.

ಈಗ ಎರಡನೇ ಪ್ರಶ್ನೆ, ವಿಳಾಸ ಕೊಟ್ಟವರು ಯಾರು? ನಿಮ್ಮ ಮನೆಯ ರೂಟರ್ 192.168.1.1 ಅಂತ ಇಟ್ಟುಕೊಳ್ಳಿ. ಅದು ಫೋನಿಗೆ, ಟಿವಿಗೆ, ಲ್ಯಾಪ್‌ಟಾಪಿಗೆ ಡಿಎಚ್‌ಸಿಪಿ ಮೂಲಕ ವಿಳಾಸ ಹಂಚುತ್ತದೆ. ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲ್ ಮಾಡುವಾಗ ರೂಟರ್ ಆ ಗಳಿಗೆಯಲ್ಲಿ ಕೊಟ್ಟ ವಿಳಾಸವನ್ನೇ, 192.168.1.105 ಅಂತಲೋ ಏನೋ, ಪರದೆ ಮೇಲೆ ತುಂಬಿ ತೋರಿಸುತ್ತದೆ. ನೀವು ನೆಕ್ಸ್ಟ್ ಒತ್ತಿದರೆ ಅದು ಖಾಯಂ ವಿಳಾಸ ಆಗಿಬಿಡುತ್ತದೆ. ಆದರೆ ರೂಟರಿಗೆ ಅದು ಗೊತ್ತಿಲ್ಲ! ಅದರ ಲೆಕ್ಕದಲ್ಲಿ 105 ಇನ್ನೂ ಹಂಚಲಿಕ್ಕೆ ಇರುವ ವಿಳಾಸ.

ಬೇರೆ ಊರಲ್ಲಿ ಇದು ತಿಂಗಳುಗಟ್ಟಲೆ ಬಯಲಾಗದೆ ಇರಬಹುದು. ನಮ್ಮಲ್ಲಿ ಮಳೆಗಾಲ ಬಂದರೆ ಸಾಕು. ತೀರ್ಥಹಳ್ಳಿ, ಹೊಸನಗರದ ಕಡೆ ಮರ ಬಿದ್ದು ಲೈನ್ ಹೋಯಿತು, ಸಂಜೆ ಕರೆಂಟ್ ಬಂತು, ಎಲ್ಲವೂ ಒಟ್ಟಿಗೆ ಏಳುತ್ತವೆ. ರೂಟರ್ ಮೊದಲು ಏಳುತ್ತದೆ, ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಅನ್ನುವ ಪಟ್ಟಿ ಕೆಲವು ರೂಟರ್‌ಗಳಲ್ಲಿ ಆಫ್ ಆದ ಕೂಡಲೇ ಅಳಿಸಿಹೋಗಿರುತ್ತದೆ. ಹೋಸ್ಟ್ ಇನ್ನೂ ಬೂಟ್ ಆಗುತ್ತಿರುತ್ತದೆ. ಅಷ್ಟರಲ್ಲಿ ಅಕ್ಕನ ಫೋನ್ ವೈಫೈ ಹಿಡಿದು ವಿಳಾಸ ಕೇಳುತ್ತದೆ, ರೂಟರ್ ನೋಡುತ್ತದೆ, 105ರಲ್ಲಿ ಯಾರೂ ಇಲ್ಲ, ಕೊಟ್ಟುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಹೋಸ್ಟ್ ಎದ್ದು ‘105 ನಂದು’ ಅನ್ನುತ್ತದೆ. ಆಮೇಲೆ ಒಮ್ಮೆ ಪುಟ ತೆರೆಯುತ್ತದೆ, ಒಮ್ಮೆ ತೆರೆಯುವುದಿಲ್ಲ. ಹಾರ್ಡ್‌ಡಿಸ್ಕ್ ಕೆಟ್ಟಿರಬೇಕು ಅಂತ ಬಿಚ್ಚಲು ಕೂರುತ್ತೀರಿ.

ಪರಿಹಾರ ಸುಲಭ. ರೂಟರ್ ಒಳಗೆ ಹೋಗಿ ಹಂಚುವ ಸಾಲನ್ನು 100ರಿಂದ 200 ಅಂತ ಮಿತಿ ಮಾಡಿ. ಹೋಸ್ಟ್‌ಗೆ 192.168.1.10 ಕೊಡಿ, ಖಾಯಂ ವಿಳಾಸ ಬೇಕಾದ ಒಳಗಿನ ಮಷಿನ್‌ಗಳಿಗೆ 11, 12, 13. ಕೊನೆಯಲ್ಲಿ 24ರ ಮಾಸ್ಕ್ (ವಿಳಾಸದ ಮೊದಲ ಮೂರು ಭಾಗ ಒಂದೇ ಇದ್ದರೆ ಒಂದೇ ನೆಟ್‌ವರ್ಕ್ ಅಂತ), ಗೇಟ್‌ವೇ 192.168.1.1. ಗೇಟ್‌ವೇ ಒಂದೇ ಇರಬೇಕು, ಇನ್ನೊಂದು ಬ್ರಿಡ್ಜ್ ಮಾಡಿದಾಗ ಅದಕ್ಕೂ ಗೇಟ್‌ವೇ ತುಂಬಬೇಡಿ. ಖಾಲಿ ಡಬ್ಬಿ ಕಂಡ ಕೂಡಲೇ ತುಂಬುವುದು ನಮ್ಮ ಗುಣ, ಏನು ಮಾಡುವುದು.

ಮಂಡಿಯೊಂದರ ಲೆಕ್ಕದ ಕಂಪ್ಯೂಟರ್ ನೋಡಿಕೊಳ್ಳುವ ಹಿರಿಯರೊಬ್ಬರು ಕೇಳಿದ್ದು: ‘ನೆಟ್ ಕಂಪನಿ ಬದಲಾಯಿಸಿದೆವು, ಹೊಸ ರೂಟರ್ ಬಂತು, ಆವತ್ತಿನಿಂದ ಪ್ರಾಕ್ಸ್‌ಮಾಕ್ಸ್ ಪುಟವೇ ತೆರೆಯುತ್ತಿಲ್ಲ. ಡೇಟಾ ಹೋಯಿತಾ?’ ಡೇಟಾ ಎಲ್ಲೂ ಹೋಗಿಲ್ಲ. ಹಳೇ ರೂಟರ್ 192.168.1.1 ಇತ್ತು, ಹೊಸದು 192.168.29.1 ಅಥವಾ 192.168.0.1 ಇರುತ್ತದೆ. ಹೋಸ್ಟ್ ಹಳೇ ವಿಳಾಸದಲ್ಲೇ ಕೂತಿದೆ, ನಿಮ್ಮ ಲ್ಯಾಪ್‌ಟಾಪ್ ಹೊಸ ಸಾಲಿಗೆ ಹೋಗಿದೆ. ಮಾನಿಟರ್, ಕೀಬೋರ್ಡ್ ನೇರ ಹೋಸ್ಟ್‌ಗೆ ಚುಚ್ಚಿ ಲಾಗಿನ್ ಆಗಿ, ಇಂಟರ್‌ಫೇಸಸ್ ಫೈಲಿನಲ್ಲಿ ವಿಳಾಸ, ಗೇಟ್‌ವೇ ಎರಡನ್ನೂ ಬದಲಾಯಿಸಿ. ಇಟಿಸಿಯಲ್ಲೇ ಹೋಸ್ಟ್ಸ್ ಅಂತ ಇನ್ನೊಂದು ಫೈಲ್ ಇದೆ, ಅದರಲ್ಲೂ ಹಳೇ ವಿಳಾಸ ಇರುತ್ತದೆ, ಜನ ಅದನ್ನೇ ಮರೆಯುವುದು. ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಹಳೇ ರೂಟರನ್ನು ತೋರಿಸುತ್ತಿದ್ದರೆ ಅದನ್ನೂ ತಿದ್ದಿ ರೀಬೂಟ್ ಮಾಡಿ. ಇನ್ನೊಂದು ದಾರಿ, ಹೊಸ ರೂಟರಿನ ವಿಳಾಸವನ್ನೇ 192.168.1.1 ಮಾಡುವುದು. ಒಳಗೆ ತುಂಬಾ ಮಷಿನ್ ಇದ್ದು ಎಲ್ಲಕ್ಕೂ ಖಾಯಂ ವಿಳಾಸ ಕೊಟ್ಟಿದ್ದರೆ ನಾನು ಈ ಎರಡನೆಯದನ್ನೇ ಮಾಡುತ್ತೇನೆ.

ಇನ್ನು ವೈಫೈ. ಮಲೆನಾಡಿನ ಹಳೇ ಮನೆ ಅಂದರೆ ದಪ್ಪ ಮಣ್ಣಿನ ಗೋಡೆ, ರೂಟರ್ ಜಗಲಿಯಲ್ಲಿ, ಹೋಸ್ಟ್ ಅಟ್ಟದ ಮೇಲೆ. ವೈರು ಎಳೆಯುವುದು ಯಾರಿಗೆ ಬೇಕು, ವೈಫೈ ಕಾರ್ಡ್ ಹಾಕಿ ಅದನ್ನೇ ಬ್ರಿಡ್ಜ್‌ಗೆ ಸೇರಿಸಿದರೆ ಆಯಿತಲ್ಲ ಅಂತ ಅನ್ನಿಸುತ್ತದೆ. ಆಗುವುದಿಲ್ಲ. ವೈಫೈನಲ್ಲಿ ಹೋಸ್ಟ್ ತನ್ನ ಒಂದು ಮ್ಯಾಕ್ ವಿಳಾಸ ಹೇಳಿ, ಪಾಸ್‌ವರ್ಡ್ ಕೊಟ್ಟು ರೂಟರಿಗೆ ಸೇರಿರುತ್ತದೆ. ರೂಟರ್ ಆ ಮ್ಯಾಕ್‌ನಿಂದ ಬಂದದ್ದನ್ನು ಮಾತ್ರ ಒಪ್ಪುತ್ತದೆ. ಒಳಗಿನ ಉಬುಂಟುವಿಗೆ ಅದರದ್ದೇ ಬೇರೆ ಮ್ಯಾಕ್ ಇದೆಯಲ್ಲ, ಅದು ರೂಟರಿಗೆ ಪರಿಚಯವೇ ಇಲ್ಲ. ಮಾಮೂಲಿ ವೈಫೈ ಫ್ರೇಮಿನಲ್ಲಿ ಮೂರೇ ವಿಳಾಸ ಬಳಸುತ್ತಾರೆ, ಹಿಂದೆ ಇನ್ನೊಬ್ಬ ಇದ್ದಾನೆ ಅಂತ ಹೇಳಲು ನಾಲ್ಕನೆಯದು ಬೇಕು. ಅದಕ್ಕೆ ಎರಡೂ ಕಡೆ ಸಪೋರ್ಟ್ ಇರಬೇಕು. ಮನೆಯ ರೂಟರಿನಲ್ಲಿ ಅದನ್ನು ನಂಬಿಕೊಳ್ಳಬೇಡಿ.

ವೈರು ಎಳೆಯಿರಿ. ಈಥರ್ನೆಟ್ ತಾಮ್ರದ ಕೇಬಲ್ 100 ಮೀಟರ್‌ವರೆಗೆ ಹೋಗುತ್ತದೆ, ಅಟ್ಟಕ್ಕೆ ಧಾರಾಳ ಸಾಕು. ಆದರೆ ಮನೆಯಿಂದ ಕೊಟ್ಟಿಗೆ ಆಚೆಯ ರೂಮಿಗೋ ತೋಟದ ಪಂಪ್‌ಹೌಸಿಗೋ ಬಯಲಲ್ಲಿ ತಾಮ್ರದ ಕೇಬಲ್ ಎಳೆಯುವುದು ಮಾತ್ರ ಬೇಡ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಿಮಗೇ ಗೊತ್ತು. ಎಲ್ಲೋ ಹತ್ತಿರ ಸಿಡಿಲು ಬಿದ್ದರೂ ಉದ್ದದ ತಂತಿಯಲ್ಲಿ ಕರೆಂಟ್ ಹುಟ್ಟಿ ಎರಡೂ ತುದಿಯ ಪೋರ್ಟ್ ಸುಟ್ಟುಹೋಗುತ್ತದೆ. ಅಂಥ ಕಡೆ ಲೋಹದ ತಂತಿ ಇಲ್ಲದ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಇಡಿ. ಇಂದು ನಾನು ಹೇಳಿದ್ದರಲ್ಲಿ ದುಡ್ಡು ಉಳಿಸುವ ಮಾತು ಇದೊಂದೇ ಇರಬಹುದು.

ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ ಇರುವವರಿಗೆ ಇನ್ನೊಂದು ಎಚ್ಚರ. ಬ್ರಿಡ್ಜ್ ಮಾಡಿದರೆ ಗೋಡೆಯ ಒಂದೇ ಪೋರ್ಟಿನಿಂದ ಹಲವು ಮ್ಯಾಕ್ ಹೊರಗೆ ಕಾಣುತ್ತವೆ. ಪ್ರಾಕ್ಸ್‌ಮಾಕ್ಸ್‌ನ ಈಚಿನ ಆವೃತ್ತಿಗಳಲ್ಲಿ ಒಳಗಿನ ಮಷಿನ್‌ಗಳ ಮ್ಯಾಕ್ ಬಿಸಿ, 24, 11 ಅಂತ ಶುರುವಾಗುತ್ತದೆ, ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಒಂದು ಪೋರ್ಟಿಗೆ ಒಂದೇ ಮ್ಯಾಕ್ ಅಂತ ಕಟ್ಟುಪಾಡು ಹಾಕಿದ್ದರೆ ಅವರ ಸ್ವಿಚ್ ನಿಮ್ಮ ಪೋರ್ಟನ್ನೇ ಮುಚ್ಚಿಬಿಡಬಹುದು. ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಮೊದಲೇ ಕೇಳಿ. ಬೇಡ ಅಂದರೆ ನ್ಯಾಟ್ ಮಾಡಿಕೊಳ್ಳಿ. ವೈಫೈ ಬಿಟ್ಟು ಗತಿ ಇಲ್ಲದವರಿಗೂ ಅದೇ ದಾರಿ.

ನ್ಯಾಟ್ ಅನ್ನು ಹೀಗೆ ನೋಡಿ. ನಮ್ಮ ಕಡೆ ಒಂಟಿಮನೆಗಳಿಗೆ ಬರುವ ಕಾಗದವನ್ನು ಬಸ್ ನಿಲ್ಲುವ ಕಡೆಯ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರಲ್ಲ, ಹೊರಗಿನವರಿಗೆ ಅಂಗಡಿ ಗೊತ್ತು, ಒಳಗಿನ ಮನೆಗಳ ದಾರಿ ಅಂಗಡಿಯವರಿಗೆ ಮಾತ್ರ ಗೊತ್ತು. ಇಲ್ಲಿ ಅಂಗಡಿ ನಿಮ್ಮ ಹೋಸ್ಟ್. ಎರಡನೇ ಬ್ರಿಡ್ಜ್ ಮಾಡಿ, ವಿಎಂಬಿಆರ್1. ಅದಕ್ಕೆ ಯಾವ ಕಾರ್ಡನ್ನೂ ಚುಚ್ಚಬೇಡಿ. ಹೋಸ್ಟ್‌ಗೆ ಅದರ ಮೇಲೆ 10.10.10.1 ವಿಳಾಸ ಕೊಡಿ. ಒಳಗಿನ ಮಷಿನ್‌ಗಳಿಗೆ 10.10.10.2, 3 ಹೀಗೆ, ಅವಕ್ಕೆ ಗೇಟ್‌ವೇ 10.10.10.1. ಆಮೇಲೆ ಹೋಸ್ಟ್‌ನಲ್ಲಿ ಎರಡು ಕೆಲಸ. ಒಂದು ಬ್ರಿಡ್ಜ್‌ನಿಂದ ಇನ್ನೊಂದಕ್ಕೆ ದಾಟಿಸುವ ಐಪಿ ಫಾರ್ವರ್ಡಿಂಗ್ ಅನ್ನು 1 ಮಾಡಬೇಕು, ಮತ್ತು ಆ 10.10.10ರ ಸಾಲಿನಿಂದ ಹೊರಟಿದ್ದು ವಿಎಂಬಿಆರ್0 ಮೂಲಕ ಹೊರಗೆ ಹೋಗುವಾಗ ಹೋಸ್ಟ್‌ನ ವಿಳಾಸ ಹಾಕಿಕೊಂಡು ಹೋಗಲಿ ಅಂತ ಐಪಿಟೇಬಲ್ಸ್‌ನಲ್ಲಿ ಒಂದು ಮಾಸ್ಕ್ವೆರೇಡ್ ನಿಯಮ ಬರೆಯಬೇಕು. ಎರಡರಲ್ಲಿ ಒಂದು ಬಿಟ್ಟರೂ ಒಳಗಿನ ಮಷಿನ್ ಹೋಸ್ಟ್‌ವರೆಗೆ ಪಿಂಗ್ ಆಗುತ್ತದೆ, ಆಚೆ ಹೋಗುವುದಿಲ್ಲ.

ಈ ವಿಎಂಬಿಆರ್1ರಲ್ಲಿ ವಿಳಾಸ ಹಂಚುವವರು ಯಾರು? ಯಾರೂ ಇಲ್ಲ! ಅದನ್ನೇ ಮರೆತು, ಉಬುಂಟು ಯಾಕೆ ವಿಳಾಸ ತೆಗೆದುಕೊಳ್ಳುತ್ತಿಲ್ಲ ಅಂತ ಕಾಯುತ್ತಾ ಕೂರುತ್ತಾರೆ. ಕೈಯಾರೆ ವಿಳಾಸ ತುಂಬಿ, ಇಲ್ಲವೇ ವಿಳಾಸ ಹಂಚುವ ಡಿಎನ್‌ಎಸ್‌ಮಾಸ್ಕ್ ಅನ್ನುವ ಸಾಫ್ಟ್‌ವೇರ್ ಹಾಕಿ. ವಿಳಾಸದ ಸಾಲು ಆರಿಸುವಾಗ ಮನೆಯ ರೂಟರಿನ ಸಾಲನ್ನೇ ಮತ್ತೆ ಇಡಬೇಡಿ. ಖಾಸಗಿ ಬಳಕೆಗೆ ಅಂತ 1996ರ ಆರ್‌ಎಫ್‌ಸಿ 1918 ಅನ್ನುವ ಇಂಟರ್ನೆಟ್ ನಿಯಮದ ಕಡತದಲ್ಲಿ ಮೂರು ಸಾಲು ಬಿಟ್ಟುಕೊಟ್ಟಿದ್ದಾರೆ. 10ರಿಂದ ಶುರುವಾಗುವುದು ಪೂರ್ತಿ, 172.16ರಿಂದ 172.31ರವರೆಗೆ, ಮತ್ತೆ 192.168. ಬೇಕಾದಷ್ಟಿದೆ.

ಮೂರನೆಯದು, ಕಾರ್ಡೂ ಇಲ್ಲ, ಹೋಸ್ಟ್‌ನ ವಿಳಾಸವೂ ಇಲ್ಲದ ಬ್ರಿಡ್ಜ್. ಯಾಕೆ ಬೇಕು ಅಂದರೆ, ನಿಮ್ಮ ಸಿಲಬಸ್‌ನಲ್ಲಿ ಡಿಎಚ್‌ಸಿಪಿ ಸರ್ವರ್ ಮಾಡುವ ಪ್ರಯೋಗ ಇದೆಯಲ್ಲ, ಅದನ್ನು ವಿಎಂಬಿಆರ್0 ಮೇಲೆ ಮಾಡಿದಿರಿ ಅಂತಿಟ್ಟುಕೊಳ್ಳಿ. ನಿಮ್ಮ ಸರ್ವರ್ ಮನೆಯ ಟಿವಿಗೂ ಫೋನಿಗೂ ವಿಳಾಸ ಹಂಚಲು ಶುರು ಮಾಡುತ್ತದೆ, ರೂಟರಿಗಿಂತ ಮೊದಲು ಉತ್ತರ ಕೊಟ್ಟವರದ್ದೇ ಗೆಲುವು. ಮನೆಯಲ್ಲಾದರೆ ಕ್ರಿಕೆಟ್ ನೋಡುತ್ತಿದ್ದ ಅಪ್ಪ ಬೈಯುತ್ತಾರೆ, ಅಷ್ಟೇ. ಸೊಸೈಟಿಯಲ್ಲಾದರೆ ಕೌಂಟರ್ ನಿಲ್ಲುತ್ತದೆ. ಅಂಥ ಪ್ರಯೋಗ ಏನಿದ್ದರೂ ಈ ಮುಚ್ಚಿದ ಬ್ರಿಡ್ಜ್ ಒಳಗೆ ಮಾಡಿ.

ವಿಲ್ಯಾನ್ ಬಗ್ಗೆ ಕೇಳಿದರು. ಒಂದೇ ವೈರಿನಲ್ಲಿ ಹಲವು ನೆಟ್‌ವರ್ಕ್ ಓಡಿಸಲು ಫ್ರೇಮ್‌ಗೆ ಒಂದು ನಂಬರ್ ಅಂಟಿಸುವುದು, 1ರಿಂದ 4094ರವರೆಗೆ. ಬ್ರಿಡ್ಜ್‌ನಲ್ಲಿ ಒಂದು ಟಿಕ್ ಹಾಕಿದರೆ ಪ್ರಾಕ್ಸ್‌ಮಾಕ್ಸ್ ಕಡೆಯ ಕೆಲಸ ಆಯಿತು. ಆದರೆ ಹೊರಗಿನ ಸ್ವಿಚ್‌ಗೂ ಅದು ಅರ್ಥವಾಗಬೇಕು. ಅಂಥ ಸ್ವಿಚ್ ಇಲ್ಲದಿದ್ದರೆ ಸದ್ಯಕ್ಕೆ ಬಿಡಿ.

ಕೆಟ್ಟಾಗ ಹುಡುಕುವ ಕ್ರಮ ಹೇಳುತ್ತೇನೆ. ಒಳಗಿನ ಮಷಿನ್‌ನಲ್ಲಿ ಕೂತು ಮೊದಲು ವಿಳಾಸ ಇದೆಯಾ ನೋಡಿ. ವಿಂಡೋಸ್‌ನಲ್ಲಿ 169.254 ಅಂತ ಶುರುವಾಗಿದ್ದರೆ ಡಿಎಚ್‌ಸಿಪಿ ಉತ್ತರವೇ ಬಂದಿಲ್ಲ, ತಪ್ಪು ಬ್ರಿಡ್ಜ್‌ಗೆ ಚುಚ್ಚಿದ್ದೀರಾ ನೋಡಿ. ವಿಳಾಸ ಇದ್ದರೆ ಗೇಟ್‌ವೇಗೆ ಪಿಂಗ್. ಅದು ಬಂದರೆ ಹೊರಗಿನ ಗೂಗಲ್‌ನ 8.8.8.8ಕ್ಕೆ. ಅದೂ ಬಂದು ವೆಬ್‌ಸೈಟ್ ಹೆಸರು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಕಾರ್ಡೇ ಕಾಣುತ್ತಿಲ್ಲ ಅಂದರೆ ವರ್ಚುವಲ್ ಕಾರ್ಡ್ ಓಡಿಸುವ ವರ್ಟ್‌ಐಒ ಡ್ರೈವರ್ ಇಲ್ಲ ಅಂತ ಅರ್ಥ. ಲಿನಕ್ಸ್‌ನಲ್ಲಿ ಅದು ಕರ್ನಲ್ ಜೊತೆಗೇ ಬರುತ್ತದೆ, ವಿಂಡೋಸ್‌ಗೆ ಬೇರೆಯಾಗಿ ಹಾಕಬೇಕು. ತಾತ್ಕಾಲಿಕವಾಗಿ ಕಾರ್ಡಿನ ಮಾದರಿಯನ್ನು ಇಂಟೆಲ್ ಇ1000 ಮಾಡಿದರೆ ಕೆಲಸ ನಡೆಯುತ್ತದೆ.

ಹೋಸ್ಟ್‌ನ ನೆಟ್ಟೇ ಹೋದರೆ? ಹೊಸ ಗ್ರಾಫಿಕ್ಸ್ ಕಾರ್ಡ್ ಅಥವಾ ಎನ್‌ವಿಎಂಇ ಡಿಸ್ಕ್ ಹಾಕಿದಿರಾ ಅಂತ ನಾನು ಮೊದಲು ಕೇಳುತ್ತೇನೆ. ಇಎನ್‌ಪಿ3ಎಸ್0 ಅನ್ನುವ ಹೆಸರಿನಲ್ಲಿರುವ 3 ಪಿಸಿಐ ಬಸ್‌ನ ನಂಬರ್. ಹೊಸ ಕಾರ್ಡ್ ಸೇರಿದರೆ ನಂಬರ್ ಸರಿದು ಇಎನ್‌ಪಿ4ಎಸ್0 ಆಗಬಹುದು. ಇಂಟರ್‌ಫೇಸಸ್ ಫೈಲಿನಲ್ಲಿ ಇನ್ನೂ ಹಳೇ ಹೆಸರೇ ಇರುತ್ತದೆ, ಬ್ರಿಡ್ಜ್‌ಗೆ ಪೋರ್ಟ್ ಸಿಗುವುದಿಲ್ಲ. ಹೆಸರು ತಿದ್ದಿದರೆ ಮುಗಿಯಿತು. ಅದಕ್ಕೂ ಮಾನಿಟರ್, ಕೀಬೋರ್ಡ್ ಬೇಕು. ಹಳೇ ಮಾನಿಟರ್ ಗುಜರಿಗೆ ಹಾಕಬೇಡಿ, ನೆಟ್‌ವರ್ಕ್ ಬದಲಾಯಿಸುವ ಮುಂಚೆ ಆ ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳಿ. ವೆಬ್ ಪುಟದಲ್ಲಿ ಬದಲಾಯಿಸಿದ್ದು ಅಪ್ಲೈ ಕಾನ್ಫಿಗರೇಶನ್ ಒತ್ತುವವರೆಗೂ ಜಾರಿಗೆ ಬರುವುದಿಲ್ಲ. ಒತ್ತುವ ಮೊದಲು ಬದಲಾವಣೆಗಳನ್ನು ಕೆಳಗೆ ತೋರಿಸಿರುತ್ತದೆ, ಓದಿ.

‘ಬೆಂಗಳೂರಿಗೆ ಹೋದ ಮೇಲೆ ಮನೆಯ ಹೋಸ್ಟ್ ತೆರೆಯಬಹುದಾ ಸರ್?’ ತೆರೆಯಬಹುದು. ಮೊದಲು ರೂಟರಿನ ಹೊರಬದಿಯ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನಿಮ್ಮ ನೆಟ್ ಕಂಪನಿಯೇ ಇನ್ನೊಂದು ನ್ಯಾಟ್ ಹಿಂದೆ ನಿಮ್ಮನ್ನು ಇಟ್ಟಿದೆ, ನೀವು ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಪ್ರಯೋಜನ ಇಲ್ಲ. ಒಳಗಿನಿಂದಲೇ ಹೊರಗೆ ಸುರಂಗ ಕಟ್ಟುವ ಟೇಲ್‌ಸ್ಕೇಲ್ ಥರದ್ದು ಹಾಕಿ, ಅಥವಾ ಹೊರಗೆ ಪಬ್ಲಿಕ್ ವಿಳಾಸ ಇರುವ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದು ವೈರ್‌ಗಾರ್ಡ್ ಸುರಂಗ ಕಟ್ಟಿ. ಪಬ್ಲಿಕ್ ವಿಳಾಸ ಸಿಕ್ಕಿದರೂ ಪ್ರಾಕ್ಸ್‌ಮಾಕ್ಸ್ ಪುಟ ತೆರೆಯುವ 8006 ಪೋರ್ಟನ್ನು ನೇರ ಇಂಟರ್ನೆಟ್‌ಗೆ ತೆರೆದಿಡಬೇಡಿ.

ಕೊನೆಗೆ ಒಬ್ಬರು ಕೇಳಿದರು, ಎರಡು ಕಾರ್ಡ್ ಹಾಕಿ ಮನೆಯ ರೂಟರನ್ನೇ ಒಂದು ವರ್ಚುವಲ್ ಮಷಿನ್ ಮಾಡಿಬಿಟ್ಟರೆ ಹೇಗೆ, ರೂಟರ್ ಕೆಲಸ ಮಾಡುವ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎಲ್ಲ ಇದೆಯಲ್ಲ ಅಂತ. ಮಾಡಬಹುದು, ಚೆನ್ನಾಗಿಯೂ ಓಡುತ್ತದೆ. ಕಲಿಯಲು ಮಾಡಿ, ಒಳಗಿನ ಬ್ರಿಡ್ಜ್‌ಗಳಿಗೆ ಅದನ್ನು ರೂಟರ್ ಮಾಡಿಕೊಳ್ಳಿ. ಮನೆಯವರೆಲ್ಲರ ನೆಟ್ ಅದರ ಮೂಲಕ ಹೋಗುವುದು ಮಾತ್ರ ನನಗೆ ಇಷ್ಟವಿಲ್ಲ. ನಾಲ್ಕು ಸಲ ಕರೆಂಟ್ ಹೋಗುವ ದಿನ ಹೋಸ್ಟ್ ಬೂಟ್ ಆಗಿ, ಆಮೇಲೆ ಒಳಗಿನ ರೂಟರ್ ಬೂಟ್ ಆಗಿ ನೆಟ್ ಬರುವಷ್ಟರಲ್ಲಿ ಮತ್ತೆ ಕರೆಂಟ್ ಹೋಗಿರುತ್ತದೆ. ಕಂಪನಿಯವರು ಕೊಟ್ಟ ರೂಟರ್ ಒಂದು ಸಣ್ಣ ಯುಪಿಎಸ್ ಮೇಲೆ ಅದರ ಪಾಡಿಗೆ ಅದು ಇರಲಿ.